ಇಳಿಸುವವರು ಯಾರು?

ಶಾಂಘೈ ಬಂದರಿನಲ್ಲಿ ಒಂದು ದೈತ್ಯ ಬಾಯ್ಲರ್ ಮತ್ತು ಲೋಹದ ತಗಡು ಒತ್ತುವ ಒಂದು ಉಕ್ಕಿನ ಪ್ರೆಸ್ಸು ಹಡಗಿಗಾಗಿ ಕಾಯುತ್ತಿದ್ದವು. ಎರಡೂ ಯಾವ ಕಂಟೇನರಿನಲ್ಲೂ ಹಿಡಿಸದಷ್ಟು ದೊಡ್ಡವು. ಎರಡೂ ಹೋಗಬೇಕಾದದ್ದು ಅಮೆರಿಕದ ಒಂದೇ ಪುಟ್ಟ ಬಂದರಿಗೆ. ಚಳಿಗಾಲಕ್ಕೆ ಮೊದಲು ತಲುಪಿ ಅಲ್ಲಿನ ಆಸ್ಪತ್ರೆಯನ್ನು ಬೆಚ್ಚಗಿಡುವ ಕೆಲಸ ಬಾಯ್ಲರಿನದು.

ಹೊಸ ಹಡಗೊಂದು ಬಂದು, "ಬೇಗ ಹತ್ತಿ, ನನ್ನಷ್ಟು ವೇಗ ಯಾರಿಗೂ ಇಲ್ಲ," ಎಂದಿತು.

"ಹತ್ತಿಸಲು ಇಲ್ಲಿ ಕ್ರೇನ್ ಇದೆ. ಅಲ್ಲಿ ನಮ್ಮನ್ನು ಇಳಿಸುವವರು ಯಾರು?" ಎಂದು ಬಾಯ್ಲರ್ ಕೇಳಿತು.

"ಅದನ್ನು ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯಿತು."

"ಹಾಗಾದರೆ ನಾನು ಬರುವುದಿಲ್ಲ."

ಪ್ರೆಸ್ಸು ನಕ್ಕಿತು. "ಅಯ್ಯೋ ಅಕ್ಕಾ, ಅಷ್ಟು ದೊಡ್ಡ ಹೊಟ್ಟೆಯಲ್ಲಿ ಒಂದು ಚೂರೂ ಧೈರ್ಯ ಇಲ್ವಾ? ಇಲ್ಲೇ ತುಕ್ಕು ಹಿಡಿ!" ಎಂದು ಹಡಗು ಹತ್ತಿ ಹೊರಟೇಬಿಟ್ಟಿತು.

ಚಳಿಗಾಲದ ಚಿಂತೆ ಬಾಯ್ಲರಿಗೂ ಇತ್ತು. ಆದರೂ ಬಂದ ಪ್ರತಿ ಹಡಗಿಗೂ ಅದು ಅದೇ ಪ್ರಶ್ನೆ ಕೇಳಿತು. ಕೊನೆಗೆ ಒಂದು ಹಳೆಯ ಹಡಗು, "ನನ್ನ ಕ್ರೇನುಗಳು ನನ್ನ ಬೆನ್ನ ಮೇಲೇ ಇವೆ, ತಾಯಿ. ನಿಧಾನವಾಗಿ ಹೋಗುತ್ತೇನೆ, ಆದರೆ ನಿನ್ನನ್ನು ಇಳಿಸಿಯೇ ವಾಪಸು ಬರುತ್ತೇನೆ," ಎಂದಿತು. ಬಾಯ್ಲರ್ ಹತ್ತಿತು.

ಮೊದಲ ಹಿಮ ಬೀಳುವ ಮುನ್ನವೇ ಅವು ಆ ಬಂದರು ಸೇರಿದವು. ಹಳೆಯ ಹಡಗು ಬಾಯ್ಲರನ್ನು ಮೆಲ್ಲಗೆ ದಡಕ್ಕೆ ಇಳಿಸುತ್ತಿದ್ದಾಗ, ಕಾದು ಕಾದು ಸಾಕಾದ ಹೊಸ ಹಡಗು ಚೀನಾದ ಕಡೆಗೆ ಮುಖ ಮಾಡಿ ಹೊರಟಿತ್ತು. ಅದರ ಮೇಲೆ ಪ್ರೆಸ್ಸು ಹಾಗೇ ಕುಳಿತಿತ್ತು. ಅದನ್ನು ಎತ್ತುವಂಥ ಕ್ರೇನ್ ಆ ದಡದಲ್ಲಿ ಇರಲೇ ಇಲ್ಲ.

"ಊರು ಹೇಗಿದೆ, ತಂಗೀ?" ಎಂದು ಬಾಯ್ಲರ್ ಕೂಗಿ ಕೇಳಿತು.

"ದೂರದಿಂದ ಚೆನ್ನಾಗಿ ಕಾಣ್ತದೆ, ಅಕ್ಕಾ," ಎಂದಿತು ಪ್ರೆಸ್ಸು.