ಕೋತಿಗಳ ತಿಥಿ ಕಾರ್ಡು

ಕಾಡಂಚಿನ ಊರಲ್ಲಿ ಕೋತಿಗಳು ಸತ್ತು ಬೀಳುತ್ತಿದ್ದವು. ಸತ್ತ ಕೋತಿಯ ಮೈಯಿಂದ ಇಳಿದ ಉಣುಗು ಕಚ್ಚಿದರೆ ಮನುಷ್ಯರಿಗೂ ಮಂಗನ ಕಾಯಿಲೆ. ಅರಣ್ಯ ಕಾವಲುಗಾರ ವರದಿ ಬರೆದುಕೊಟ್ಟ. ತಾಲ್ಲೂಕಿನ ಸಾಹೇಬರು ಅದನ್ನು ಹರಿದು ಹಾಕಿದರು.

"ಮಂತ್ರಿಗಳು ಬರೋ ವಾರ ಇದು. ಇನ್ನೊಂದು ವರದಿ ಬರೆದರೆ ನಿನ್ನ ಕೆಲಸ ಹೋಯ್ತು."

"ಆಗಲಿ ಸರ್" ಅಂದ ಕಾವಲುಗಾರ.

ಆ ಊರವರು ಸತ್ತ ಕೋತಿಯನ್ನು ಹನುಮಂತನೆಂದು ಮಣ್ಣು ಮಾಡಿ ತಿಥಿ ಮಾಡುತ್ತಾರೆ. ಮಂತ್ರಿಗಳಿಗೂ ಜಿಲ್ಲೆಯ ದೊಡ್ಡ ಡಾಕ್ಟರಿಗೂ ಊರವರ ಹೆಸರಲ್ಲಿ ತಿಥಿ ಕಾರ್ಡು ಹೋಯಿತು. ಹದಿನಾಲ್ಕು ಕೋತಿ, ಸತ್ತ ಜಾಗ, ಸತ್ತ ದಿನ, ಎಲ್ಲ ಅದರಲ್ಲಿತ್ತು.

ಸಾಹೇಬರು ಕಾರ್ಡು ಹಿಡಿದುಕೊಂಡು ಓಡಿ ಬಂದರು. "ವರದಿ ಬೇಡ ಅಂದಿದ್ದೆನಲ್ಲೋ?"

"ಇದು ಊಟದ ಕರೆ ಸರ್. ನೀವೂ ಬರಬೇಕು."

"ತಳದಲ್ಲಿ ಮೂರು ಸಾಲು ಯಾಕೆ ಖಾಲಿ ಬಿಟ್ಟಿದ್ದೀಯ?"

"ಮೂರು ಮನೇಲಿ ಜ್ವರ ಶುರುವಾಗಿದೆ ಸರ್. ಡಾಕ್ಟರು ಬರೋದು ತಡವಾದರೆ ಅಲ್ಲಿ ಮನುಷ್ಯರ ಹೆಸರು ಬರೀಬೇಕು."