ಗುಂಗುರು ಕೂದಲು ಬೆರಳಿಗೆ ಸುತ್ತಿಕೊಳ್ಳುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳು ಇನ್ನೂ ತೀರ್ಮಾನಿಸಿರಲಿಲ್ಲ. ಹೊಳೆಗೂ ತನ್ನ ದಾರಿ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಅಲ್ಲಿ ಹರಿಯುತ್ತಿತ್ತು.

ಆಗ ಎಲ್ಲರ ಕೂದಲೂ ನೆಟ್ಟಗಿತ್ತು. ಹೊಳೆದಂಡೆಯ ಜನಕ್ಕೆ ಅದೇ ದೊಡ್ಡ ಹೆಮ್ಮೆ. ಬೆಳಗಾಗುತ್ತಲೇ ಮಕ್ಕಳನ್ನು ಸಾಲಾಗಿ ಕೂರಿಸಿ, ತಲೆಗೆ ಹರಳೆಣ್ಣೆ ತಟ್ಟಿ, ಬಾಚಿ ಬಾಚಿ ಇಡುತ್ತಿದ್ದರು. ಆಮೇಲೆ ನೆತ್ತಿಯ ಮೇಲೆ ಒಂದು ಇರುವೆ ಬಿಡುತ್ತಿದ್ದರು. ಇರುವೆ ಕಾಲೂರಲಾಗದೆ ಜಾರಿ ಬಿದ್ದರೆ ಬಾಚಿದ್ದು ಸರಿಯಾಯಿತು ಎಂದು ಲೆಕ್ಕ. ಸುರುಳಿ ಎಂದರೆ ಅವರಿಗೆ ಆಗುತ್ತಲೇ ಇರಲಿಲ್ಲ. ನಾಯಿಯ ಬಾಲಕ್ಕೂ ಕೋಲು ಕಟ್ಟಿ ನೋಡಿದ್ದರಂತೆ. ನಾಯಿಯ ಪುಣ್ಯ, ಕೋಲೇ ಮುರಿಯಿತು!

ಆ ಊರಲ್ಲಿ ಮಾಳವ್ವ ಎಂಬ ತಾಯಿ ಇದ್ದಳು. ಅವಳ ಮಗಳ ಹೆಸರು ಹೂವಿ, ವಯಸ್ಸು ನಾಲ್ಕು. ಹೂವಿಯ ತಲೆಯ ಮೇಲೆ ಮೂರು ಇರುವೆ ಬಿಟ್ಟರೆ ಮೂರೂ ಒಟ್ಟಿಗೆ ಜಾರುತ್ತಿದ್ದವು. ಮಾಳವ್ವನಿಗೆ ಅದರಿಂದ ಕೊಂಚ ಜಂಬವೇ ಇತ್ತು.

ಒಂದು ಮಧ್ಯಾಹ್ನ ಮಾಳವ್ವ ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಹೂವಿ ಬಂಡೆಯ ಮೇಲೆ ಕೂತು ನೀರಿಗೆ ಕಾಲು ಬಿಟ್ಟಿದ್ದಳು. ಹೊಳೆಗೆ ಆಗಲೇ ದಾರಿ ಬದಲಿಸುವ ಮನಸ್ಸಾಗಬೇಕೆ? ಮೇಲಿನಿಂದ ಕೆಂಪು ನೀರು ಒಮ್ಮೆಲೇ ನುಗ್ಗಿ ಬಂತು. ಬಂಡೆ ಮುಳುಗಿತು.

"ಅವ್ವಾ!"

ಮಾಳವ್ವ ಹಿಂದೆ ಮುಂದೆ ನೋಡದೆ ಹಾರಿದಳು. ಹೊಂಗೆಮರಕ್ಕೆ ಹಬ್ಬಿದ್ದ ತೊಂಡೆಬಳ್ಳಿ ನೀರಿನ ಮೇಲೆ ಜೋತುಬಿದ್ದಿತ್ತು. ಎಡಗೈಯಲ್ಲಿ ಬಳ್ಳಿ ಹಿಡಿದು ಬಲಗೈ ಚಾಚಿದಳು. ಮಗಳ ಕೂದಲು ಕೈಗೆ ಸಿಕ್ಕಿತು. ಬಿಗಿಯಾಗಿ ಹಿಡಿದಳು.

ಜಾರಿತು.

ಅಲ್ಲೊಂದು ದೊಡ್ಡ ಸುಳಿ ಎದ್ದಿತ್ತು. ಅದು ಹೂವಿಯನ್ನು ಒಂದು ಸುತ್ತು ತಿರುಗಿಸಿ ಮತ್ತೆ ಅವ್ವನ ಹತ್ತಿರ ತಂದಿತು. ಮಾಳವ್ವ ಮತ್ತೆ ಕೂದಲು ಹಿಡಿದಳು.

ಮತ್ತೆ ಜಾರಿತು. ಬೆಳಿಗ್ಗೆ ತಾನೇ ತಟ್ಟಿದ ಎಣ್ಣೆ, ತಾನೇ ಬಾಚಿದ ಕೂದಲು. ಮಾಳವ್ವನಿಗೆ ತನ್ನ ಕೈಯನ್ನೇ ಕಚ್ಚಿಕೊಳ್ಳುವಂತಾಯಿತು.

"ಬಿಟ್ಟುಬಿಡು ಮಾಳವ್ವ" ಎಂದಿತು ಹೊಳೆ. "ನಂಗೆ ಹೊತ್ತಾಯ್ತು. ಎಲೆ ಬಿದ್ರೂ ಒಯ್ತೀನಿ, ಮರ ಬಿದ್ರೂ ಒಯ್ತೀನಿ. ಬಿಟ್ಟು ಹೋಗೋದು ನಂಗೆ ಗೊತ್ತಿಲ್ಲ."

"ಇನ್ನೊಂದು ಸುತ್ತು ಕೊಡು, ನಿನ್ನ ಕಾಲಿಗೆ ಬೀಳ್ತೀನಿ!"

"ಇನ್ನೊಂದೇ ಸುತ್ತು. ಆಮೇಲೆ ಸುಳಿ ಒಳಕ್ಕೆ ಎಳ್ಕೊಳ್ಳುತ್ತೆ."

ಮಾಳವ್ವನ ಎಡಗೈಯಲ್ಲಿದ್ದ ಬಳ್ಳಿ ಮೆಲ್ಲಗೆ ಅಲುಗಿತು. "ಹೊಳೆಯ ಎಳೆತಕ್ಕೂ ನಾನು ಮರ ಬಿಟ್ಟಿಲ್ಲ, ಯಾಕೆ ಗೊತ್ತಾ? ಸುರುಳಿ ಕುಡಿ ಚಾಚಿ ಹಿಡ್ಕೊಂಡಿದ್ದೀನಿ. ನಿನ್ನೆ ತಾನೇ ಸೊಟ್ಟಗಿವೆ ಅಂತ ಆ ಕುಡಿಗಳನ್ನ ನೀನು ಚಿವುಟಿ ಬಿಸಾಕಿದೆ."

"ತಪ್ಪಾಯ್ತು ಕಣವ್ವ. ನನ್ನ ಕೂಸನ್ನ ಉಳಿಸ್ಕೊಡು."

"ಮರ ಹಿಡಿಯೋಕೆ ಬೇಕಾದಷ್ಟು ಇಟ್ಕೊಂಡು ಉಳಿದ ಕುಡಿಗಳನ್ನ ಕೊಡ್ತೀನಿ. ಕೊಟ್ಟಮೇಲೆ ವಾಪಸ್ ತಗೊಳ್ಳೋಕೆ ಬರಲ್ಲ. ಇವಳ ಕೂದಲು ಇನ್ನು ನೆಟ್ಟಗಾಗಲ್ಲ, ಇವಳ ಮಕ್ಕಳದ್ದೂ ಅಷ್ಟೇ. ಊರೆಲ್ಲಾ ಆಡಿಕೊಳ್ಳುತ್ತೆ."

"ಆಡಿಕೊಳ್ಳಲಿ! ಬೇಗ ಕೊಡು!"

ಸುಳಿ ಹೂವಿಯನ್ನು ಕೊನೆಯ ಸಲ ತಂದಿತು. ಅವಳ ಮುಖ ಆಗಲೇ ನೀರಿನೊಳಗಿತ್ತು, ಕೂದಲಷ್ಟೇ ಮೇಲೆ ಕಾಣುತ್ತಿತ್ತು. ಮಾಳವ್ವ ಕೈ ಹಾಕಿದಳು. ಬಳ್ಳಿಯ ಕುಡಿಗಳು ಅವಳ ತೋಳಿನ ಮೇಲೆ ಸರಸರನೆ ಹರಿದು ಮಗಳ ತಲೆಯೊಳಗೆ ನುಗ್ಗಿದವು. ಒಂದೊಂದು ಎಳೆಯೂ ಸುರುಳಿಯಾಯಿತು. ಒಂದೊಂದು ಸುರುಳಿಯೂ ಅವ್ವನ ಬೆರಳಿಗೆ ಸುತ್ತಿಕೊಂಡಿತು.

ಹೊಳೆ ಎಳೆಯಿತು. ಜಾರಲಿಲ್ಲ.

ಹೊಳೆ ಇನ್ನೂ ಜೋರಾಗಿ ಎಳೆಯಿತು. ಮಾಳವ್ವನ ಬಲಗೈ ಬೆರಳುಗಳು ಸೋತು ಮರಗಟ್ಟಿ ಬಿಚ್ಚಿಕೊಂಡವು. ಆದರೂ ಜಾರಲಿಲ್ಲ. ಅವ್ವನ ಕೈ ಬಿಟ್ಟರೂ ಮಗಳ ಕೂದಲು ಅವ್ವನನ್ನು ಬಿಡಲಿಲ್ಲ.

"ಹೋಗಲಿ, ಇದೊಂದು ನನ್ನಿಂದಾಗಲ್ಲ" ಎಂದು ಹೊಳೆ ಗೊಣಗಿಕೊಂಡು ಮುಂದೆ ಹರಿಯಿತು. ಮಾಳವ್ವ ಬಳ್ಳಿ ಹಿಡಿದುಕೊಂಡೇ ಮಗಳನ್ನು ದಂಡೆಗೆ ತಂದಳು. ಅಲ್ಲಿ ಹೂವಿ ಕೆಮ್ಮಿ ನೀರು ಕಕ್ಕಿ ಜೋರಾಗಿ ಅತ್ತಳು. ಮಾಳವ್ವನಿಗೆ ಅಷ್ಟು ಹಿತವಾದ ಸದ್ದು ಇನ್ನೊಂದಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಕೂದಲು ಒಣಗಿ ಬುಸ್ಸೆಂದು ಎದ್ದು ನಿಂತಿತ್ತು. ಮಾಳವ್ವನ ಅತ್ತೆ ಕಾಳಜ್ಜಿ ಎದೆ ಬಡಿದುಕೊಂಡಳು. "ಅಯ್ಯೋ, ಇದೇನೇ ಮಗೀನ ತಲೆ ಗುಬ್ಬಿ ಗೂಡಾಗಿದೆ! ತತ್ತಾ ಬಾಚಣಿಗೆ!"

ಒಣಗಿದ ತಲೆಗೆ ಬಾಚಣಿಗೆ ಬಿತ್ತು. ಹೊಳೆಯೇ ಮತ್ತೆ ಎಳೆಯಲು ಬಂತೆಂದುಕೊಂಡಿತು ಕೂದಲು. ಗಂಟಿನ ಮೇಲೆ ಗಂಟು ಹಾಕಿಕೊಂಡು ಕಚ್ಚಿ ಹಿಡಿಯಿತು. ಹೂವಿ ಕಿರುಚಿದಳು. ಕಾಳಜ್ಜಿ ಹಟ ಬಿಡದೆ ಇನ್ನೊಮ್ಮೆ ಎಳೆದಳು. ಬಾಚಣಿಗೆಯ ನಾಲ್ಕು ಹಲ್ಲು ಪಟಪಟನೆ ಮುರಿದು ಬಿದ್ದವು.

"ಸಾಕು ಬಿಡಿ ಅತ್ತೆ!" ಮಾಳವ್ವ ಬಾಚಣಿಗೆ ಕಿತ್ತುಕೊಂಡಳು. ಅತ್ತೆಗೆ ಅವಳು ಎದುರಾಡಿದ್ದು ಅದೇ ಮೊದಲು.

ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆಗೆ ನೀರು ಚಿಮುಕಿಸಿದಳು. ದಾಸವಾಳದ ಎಲೆ ಕಿವುಚಿ ಅದರ ಲೋಳೆ ಹಚ್ಚಿದಳು. ಆಮೇಲೆ ಹೆದರಿ ಹೆದರಿ, ತುದಿಯಿಂದ ಮೇಲಕ್ಕೆ, ಬೆರಳಲ್ಲೇ ಒಂದೊಂದು ಗಂಟು ಬಿಡಿಸತೊಡಗಿದಳು. ಹೊಳೆಯಲ್ಲಿ ಹಿಡಿದುಕೊಂಡಿದ್ದ ಬೆರಳು ಇದೇ ಎಂದು ಕೂದಲಿಗೆ ಗುರುತು ಸಿಕ್ಕಿತು. ಗಂಟುಗಳು ತಾವೇ ಸಡಿಲವಾದವು. ಹೂವಿ ಅಲ್ಲೇ ನಿದ್ದೆಹೋದಳು. ಕಡೆಗೆ ಕಾಳಜ್ಜಿ ತಾನೂ ಬೆರಳು ಒದ್ದೆ ಮಾಡಿಕೊಂಡು ಹತ್ತಿರ ಸರಿದಳು.

ಅದಕ್ಕೇ ಮಗು, ಗುಂಗುರು ಕೂದಲು ಇಂದಿಗೂ ಒಣ ಬಾಚಣಿಗೆ ಕಂಡರೆ ಗಂಟಾಗುತ್ತದೆ, ಒದ್ದೆ ಬೆರಳಿಗೆ ಮಾತ್ರ ಸಡಿಲವಾಗುತ್ತದೆ. ಆಕಾಶದಲ್ಲಿ ಮೋಡ ಕಟ್ಟಿ ಗಾಳಿಯಲ್ಲಿ ನೀರಿನ ವಾಸನೆ ಬಂದರೆ, ಹೊಳೆ ಬಂತೆಂದು ಹೆದರಿ ಇನ್ನಷ್ಟು ಸುರುಳಿ ಸುತ್ತುತ್ತದೆ. ಅಂಥ ದಿನ ನಿನ್ನ ತಲೆಯ ಒಂದು ಸುರುಳಿ ಅಮ್ಮನ ಬೆರಳಿಗೆ ಸುತ್ತಿಕೊಂಡರೆ ಸಿಡುಕಬೇಡ, ಅದು ನಿನ್ನನ್ನು ಹೊಳೆಗೆ ಬಿಟ್ಟುಕೊಡದೆ ಹಿಡಿದುಕೊಂಡಿದೆ.