ಗಟ್ಟಿ ಪಾಕದ ಅಂಟಿನುಂಡೆ

ಗದಗಿನ ಒಂದು ಕಚೇರಿಯಲ್ಲಿ ಚಹಾದ ಹೊತ್ತಿಗೆ ಹೊಸಮನಿ ಸಾಹೇಬರು ಹೆಣ್ಣುಮಕ್ಕಳ ಮೈಕಟ್ಟಿನ ಮೇಲೆ ಪೋಲಿ ಜೋಕು ಹೊಡೆಯುತ್ತಿದ್ದರು. ಸಾಹೇಬರ ಜೋಕಲ್ಲವೇ, ಎಲ್ಲರೂ ನಗುತ್ತಿದ್ದರು. ನಕ್ಕು ನಕ್ಕು ಅದೇ ರೂಢಿಯಾಗಿತ್ತು.

ಹೆರಿಗೆ ರಜೆ ಮುಗಿಸಿ ಗುಮಾಸ್ತೆ ಅನಸೂಯಾ ಬಂದ ದಿನ, ಚಹಾ ಕೊಡುವ ಫಕೀರವ್ವ ಬಾಣಂತಿಯ ಹೆಸರಲ್ಲಿ ಸಾಹೇಬರೊಬ್ಬರನ್ನು ಬಿಟ್ಟು ಎಲ್ಲರಿಗೂ ಅಂಟಿನುಂಡೆ ಹಂಚಿದಳು. ಬೆಲ್ಲದ ಪಾಕ ಬೇಕಂತಲೇ ಗಟ್ಟಿ ಹಿಡಿದಿದ್ದಳು.

ಸಾಹೇಬರು ಅನಸೂಯಾಳನ್ನು ನೋಡಿ ಜೋಕು ಹೊಡೆದರು. ಹಲ್ಲಿಗೆ ಹಲ್ಲು ಅಂಟಿ ಯಾರೂ ನಗಲಿಲ್ಲ. ಮೊದಲ ಸಲ ಅವರ ಜೋಕು ಅವರಿಗೇ ಕೇಳಿಸಿತು.

“ಯಾಕ, ಯಾರೂ ನಗವಲ್ರಲ್ಲ?”

ಫಕೀರವ್ವ ಮೆತ್ತಗೆ ತಟ್ಟೆ ಚಾಚಿದಳು. “ನಿಮಗೂ ಒಂದು ಎತ್ತಿಟ್ಟೀನ್ರಿ ಸಾಹೇಬ್ರ, ಬಾಯಾಗ ಹಾಕ್ಕೋರಿ.”

ಸಾಹೇಬರು ಕಿವಿಯವರೆಗೂ ಕೆಂಪಾಗಿ ಹಾಕಿಕೊಂಡರು. ಅನಸೂಯಾ ಮೊಬೈಲು ತೆಗೆದು ಕೂಸಿನ ಫೋಟೋ ತೋರಿಸಿದಳು. ಅದರ ಬೊಚ್ಚುಬಾಯಿ ನೋಡಿ, ಅಂಟಿದ ಹಲ್ಲಿನಲ್ಲೇ ಎಲ್ಲರಿಗೂ ನಗು ಬಂತು.